ಗುಡ್ಡದೂರಿನ ಸಮತಟ್ಟು ದಾರಿ

ಮಂಗಳೂರಿನಲ್ಲಿ ಸೈಕಲ್ ತುಳಿಯುವವರು ಯಾಕಿಷ್ಟು ಕಡಿಮೆ ಎಂದು ಹೊರಗಿನಿಂದ ಬಂದ ಸ್ನೇಹಿತರು ಕೇಳಿದಾಗಲೆಲ್ಲ ನಾನು ಅವರನ್ನು ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಮೇಲಕ್ಕೆ ನಡೆಸಿಕೊಂಡು ಹೋಗುತ್ತೇನೆ. ಅರ್ಧ ಏರು ಹತ್ತುವಷ್ಟರಲ್ಲಿ ಅವರಿಗೆ ಉತ್ತರ ಸಿಕ್ಕಿರುತ್ತದೆ. ಕದ್ರಿ, ಬಿಜೈ, ಬೆಂದೂರು, ಫಳ್ನೀರು, ಯಾವುದನ್ನೇ ತೆಗೆದುಕೊಂಡರೂ ಅದು ಒಂದೋ ಮುರಕಲ್ಲಿನ ದಿಣ್ಣೆ, ಇಲ್ಲವೇ ಎರಡು ದಿಣ್ಣೆಗಳ ನಡುವಿನ ತಗ್ಗು. ನಮ್ಮಲ್ಲಿ ದಾರಿ ಹೇಳುವವರೂ ಎಡ ಬಲ ಎನ್ನುವುದಕ್ಕಿಂತ ‘ಮೇಲೆ ಹೋಗಿ, ಕೆಳಗೆ ಇಳಿಯಿರಿ’ ಎಂದೇ ಹೆಚ್ಚು ಹೇಳುತ್ತಾರೆ. ಐವತ್ತು ದಾಟಿದ ಮೊಣಕಾಲುಗಳನ್ನು ಇಟ್ಟುಕೊಂಡು ಈ ಊರಿನಲ್ಲಿ ಸೈಕಲ್ ತುಳಿಯುತ್ತೇನೆಂದರೆ ಮನೆಯವರು ನಗುವುದು ಸಹಜವೇ.

ಆದರೆ ಇದೇ ಊರಿಗೆ ಸಮತಟ್ಟಾದ ಅಂಚೊಂದಿದೆ. ದಕ್ಷಿಣದಲ್ಲಿ ನೇತ್ರಾವತಿ, ಪಶ್ಚಿಮದಲ್ಲಿ ಗುರುಪುರ ನದಿ ಎಂದೂ ಕರೆಸಿಕೊಳ್ಳುವ ಫಲ್ಗುಣಿ, ಇವೆರಡೂ ಊರನ್ನು ತೋಳಿನಲ್ಲಿ ಬಳಸಿ ಬಂದು ಅಳಿವೆ ಬಾಗಿಲಿನಲ್ಲಿ ಒಟ್ಟಿಗೆ ಕಡಲು ಸೇರುತ್ತವೆ. ಅವು ಸಾವಿರಾರು ಮಳೆಗಾಲಗಳಲ್ಲಿ ತಂದು ಹಾಸಿದ ಹೂಳು ಮತ್ತು ಮರಳಿನ ಮೇಲೆ ನಿಂತಿರುವ ಕೇರಿಗಳಲ್ಲಿ ಏರು ಎಂಬುದೇ ಇಲ್ಲ. ಹೆಸರುಗಳೇ ಅದನ್ನು ಹೇಳುತ್ತವೆ. ಜಪ್ಪಿನಮೊಗರಿನ ‘ಮೊಗರು’ ತುಳುವಿನಲ್ಲಿ ಹೊಳೆಬದಿಯ ತಗ್ಗು ನೆಲ. ಮಹಾಕಾಳಿಪಡ್ಪುವಿನ ‘ಪಡ್ಪು’ ಬಯಲು. ಹೊಯಿಗೆ ಬಜಾರಿನ ‘ಹೊಯಿಗೆ’ ಮರಳು. ‘ಕುದ್ರು’ ನಡುಗಡ್ಡೆಯಾದರೆ, ‘ಬೆಂಗ್ರೆ’ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ಪಟ್ಟಿ. ಈ ಹೆಸರುಗಳನ್ನು ದಿನಕ್ಕೆ ಹತ್ತು ಸಲ ಬಸ್ಸಿನ ಹಲಗೆಯ ಮೇಲೆ ಓದುತ್ತೇವೆ. ನದಿಯ ನೆನಪು ಮಾತ್ರ ಆಗುವುದಿಲ್ಲ.

ತಂಗಿಯ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಗೇರ್ ಸೈಕಲನ್ನು ನಮ್ಮ ಮನೆಯ ಜಗಲಿಯಲ್ಲಿ ಬಿಟ್ಟು ಹೋಗಿದ್ದ. ನದಿಯ ಬದಿಯಲ್ಲೇ ಹಿಡಿದು ಜಪ್ಪಿನಮೊಗರಿನಿಂದ ಸುಲ್ತಾನ್ ಬತ್ತೇರಿಯವರೆಗೆ ಹೋಗಬೇಕೆಂದಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ, “ಮಾವ, ಅಲ್ಲಿ ಒಂದೇ ದಾರಿ ಅಂತ ಇಲ್ಲ, ತುಂಡು ತುಂಡು ಉಂಟು, ನಡುವೆ ಎತ್ತಿಕೊಂಡು ಹೋಗ್ಬೇಕಾದೀತು” ಎಂದು ಎಚ್ಚರಿಸಿದ. ದೂರವೇನೂ ಹೆಚ್ಚಲ್ಲ, ಹತ್ತು ಕಿಲೋಮೀಟರೂ ಇರಲಾರದು. ಆದರೂ ಎರಡು ಲೆಕ್ಕಗಳನ್ನು ಸರಿಯಾಗಿ ಹಾಕಿಕೊಳ್ಳಬೇಕಿತ್ತು. ಒಂದು ಗಾಳಿಯದ್ದು. ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ ನೆಲದ ಗಾಳಿ ಪೂರ್ವದಿಂದ ಕಡಲಿಗೆ ಬೀಸಿದರೆ, ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ತಿರುಗಿ ಒಳಗೆ ಬರುತ್ತದೆ. ಹಾಗಾಗಿ ಮುಂಜಾನೆ ಹೊಳೆ ಇಳಿಯುವ ದಿಕ್ಕಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮರಳಿದರೆ ಎರಡು ಸಲವೂ ಗಾಳಿ ಬೆನ್ನಿಗೇ ಇರುತ್ತದೆ. ಇನ್ನೊಂದು ನೀರಿನದ್ದು. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ ಕಳೆದ ಮೂರನೆಯ ದಿನ ಬೆಳಗಿನ ಏಳರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆಂದು ಲೆಕ್ಕ ಹಾಕಿ, ಜನವರಿಯ ಒಂದು ಭಾನುವಾರ ಹೊರಟೆ.

ಹೆದ್ದಾರಿ ಸೇತುವೆಯ ಮೇಲಿನಿಂದ ನೇತ್ರಾವತಿಯನ್ನು ನೋಡದ ಮಂಗಳೂರಿಗರಿಲ್ಲ. ಆದರೆ ಮೇಲಿನಿಂದ ಕಾಣುವುದು ವಿಸ್ತಾರ ಮಾತ್ರ. ಕೆಳಗಿಳಿದರೆ ಮೊದಲು ಮೂಗಿಗೆ ಕೆಸರಿನ ವಾಸನೆ ತಾಗುತ್ತದೆ, ಆಮೇಲೆ ಲಾರಿಗಳ ಸದ್ದು ತಲೆಯ ಮೇಲೆ ಬೇರೆ ಯಾವುದೋ ಊರಿನದ್ದೆಂಬಂತೆ ಕೇಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ರೈಲು ಸೇತುವೆ. 1907ರಲ್ಲಿ ಮದರಾಸಿನ ಕಡೆಯಿಂದ ಕೇರಳದ ಮೂಲಕ ಬಂದ ರೈಲುಮಾರ್ಗ ನೇತ್ರಾವತಿಯನ್ನು ದಾಟಿ ಊರೊಳಗೆ ಬಂತು. ಅದಕ್ಕೆ ಮೊದಲು ಉಳ್ಳಾಲದಿಂದ ಈಚೆ ಬರಬೇಕಾದರೆ ಕಡವಿನಲ್ಲಿ ನಿಂತು ದೋಣಿಗೆ ಕೂಗಬೇಕಿತ್ತು. ಊರು ನದಿಗೆ ಬೆನ್ನು ಹಾಕತೊಡಗಿದ್ದು ಆ ಸೇತುವೆಯಿಂದಲೇ ಇರಬೇಕೆಂದು ನನ್ನ ಊಹೆ. ದಾಟುವುದಕ್ಕೆ ನೀರಿನ ಹತ್ತಿರ ಹೋಗಬೇಕಾದ ಅಗತ್ಯವೇ ಇಲ್ಲವಾದ ಮೇಲೆ ನದಿ ಮನೆಯ ಮುಂಬಾಗಿಲಿನಿಂದ ಹಿತ್ತಿಲಿಗೆ ಸರಿಯಿತು, ಹಿತ್ತಿಲಿಗೆ ಸರಿದ ಎಲ್ಲದರ ಗತಿಯೂ ಅದಕ್ಕೆ ಬಂತು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಈ ರೈಲು ಸೇತುವೆಯ ಬಳಿಯಿಂದ ಬೋಳಾರದ ಕಡೆಗೆ ಸುಮಾರು 2 ಕಿಲೋಮೀಟರ್ ಉದ್ದಕ್ಕೆ ನಡೆಯುವವರಿಗೂ ಸೈಕಲಿನವರಿಗೂ ದಾರಿ ಎಂದು ಯೋಚಿಸಿದಾಗ ನನಗೆ ಸಂತೋಷವಾಗಿತ್ತು. ಹಿತ್ತಿಲಿನ ಬಾಗಿಲನ್ನು ಯಾರೋ ತೆರೆಯುತ್ತಿದ್ದಾರಲ್ಲ ಎಂಬ ಸಂತೋಷ ಅದು. ಇಲ್ಲಿ ಮಾತ್ರವಲ್ಲ, ಎಲ್ಲ ಊರುಗಳ ಇಂಥ ದಾರಿಗಳ ಬಗ್ಗೆಯೂ ನನಗೊಂದು ತಕರಾರಿದೆ: ನೆಲಕ್ಕೆ ಹಾಸುವ ಇಂಟರ್‌ಲಾಕ್. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ನೀರಿನ ಪಕ್ಕದಲ್ಲಿ, ಮರದ ನೆರಳಿನಲ್ಲಿ ಇಂಟರ್‌ಲಾಕ್ ಹಾಸಿದರೆ ಜುಲೈ ತಿಂಗಳಿಗೆ ಅದರ ಮೇಲೆ ಹಸಿರು ಹಾವಸೆ ಕಟ್ಟಿ ಮನುಷ್ಯರೂ ಸೈಕಲ್ಲುಗಳೂ ಒಟ್ಟಿಗೆ ಜಾರುವುದಕ್ಕೆ ಅನುಕೂಲವಾಗುತ್ತದೆ. ದಡದಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳಿರುವ ಕಡೆ ಕಲ್ಲಿನ ನೇರ ಗೋಡೆ ಕಟ್ಟುವುದೂ ನನಗೆ ಒಪ್ಪಿಗೆಯಾಗದ ಮಾತು. ಕಾಂಡ್ಲಾದ ಒಂದು ಜಾತಿ ಊರುಗೋಲಿನಂಥ ಬೇರುಗಳನ್ನು ಸುತ್ತ ಊರಿಕೊಂಡು ನಿಂತಿದ್ದರೆ, ಇನ್ನೊಂದು ಪೆನ್ಸಿಲಿನಂಥ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚುಚ್ಚಿ ನಿಲ್ಲಿಸಿರುತ್ತದೆ. ಎರಡೂ ಅಲೆಯ ಪೆಟ್ಟನ್ನು ತಾವೇ ತಿಂದು ದಡವನ್ನು ಹಿಡಿದಿಡುತ್ತವೆ, ಮರಿ ಮೀನು ಮತ್ತು ಸಿಗಡಿಗಳಿಗೆ ಮನೆಯಾಗುತ್ತವೆ. ನಾನು ಹೋದಾಗ ಅಂಥ ಒಂದು ಬೇರಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಗೋಡೆಯ ಮೇಲೂ ಅದು ಕೂತೀತು, ಆದರೆ ಅದರ ಊಟ ಗೋಡೆಯ ಬುಡದಲ್ಲಿ ಹುಟ್ಟುವುದಿಲ್ಲ.

ಜಪ್ಪುವಿನ ಹತ್ತಿರ ನಾನು ಸೈಕಲ್ ನಿಲ್ಲಿಸಿ ನೀರು ಇಳಿದ ದಡಕ್ಕೆ ಹೋದೆ. ಕಾರಣ ನನ್ನ ಅಜ್ಜಿ. ಮದುವೆಗೆ ಮೊದಲು ಅವಳು ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚುಗಳನ್ನು ಹಲಗೆಯ ಮೇಲೆ ಹೊತ್ತು ಒಣಗುವ ಅಟ್ಟಕ್ಕೆ ಸಾಗಿಸುವ ಕೆಲಸ ಮಾಡುತ್ತಿದ್ದಳು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾಗವನ್ನು ಆರಿಸಿದ್ದು ನದಿಯನ್ನು ನೋಡಿಯೇ. ಜೇಡಿಮಣ್ಣು ನೇತ್ರಾವತಿ ಮತ್ತು ಗುರುಪುರ ನದಿಗಳ ದಡದಲ್ಲಿತ್ತು, ಒಲೆಗೆ ಬೇಕಾದ ಸೌದೆ ಮೇಲಿನ ಕಾಡುಗಳಿಂದ ನೀರಿನ ಮೇಲೆಯೇ ಬರುತ್ತಿತ್ತು, ಸುಟ್ಟ ಹಂಚುಗಳು ದೋಣಿಯಲ್ಲೇ ಬಂದರಿಗೆ ಇಳಿದು ಅಲ್ಲಿಂದ ಬರ್ಮಾ, ಪೂರ್ವ ಆಫ್ರಿಕಾಗಳವರೆಗೆ ಹೋಗುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಕಾರಣಕ್ಕೆ ಮಿಷನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋಯಿತು. ಅಜ್ಜಿಗೆ ಇದಾವುದೂ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಶನಿವಾರದ ಬಟವಾಡೆ ಮತ್ತು ಹೊಳೆಬದಿಯಲ್ಲಿ ಸಾಲಾಗಿ ಮನೆಗೆ ನಡೆದು ಬರುತ್ತಿದ್ದ ಹೆಂಗಸರ ಹರಟೆ. ಇಂದು ನಾವು ನಡಿಗೆಯ ದಾರಿ ಎಂದು ಹೊಸದಾಗಿ ಕಟ್ಟುವುದು ಅವರ ಕಾಲಿನ ದಾರಿಯನ್ನೇ.

ಕೆಸರಿನಲ್ಲಿ ಹಂಚಿನ ಚೂರುಗಳು ಈಗಲೂ ಸಿಗುತ್ತವೆ. ಅಂಗೈಯಷ್ಟು ದೊಡ್ಡ ಚೂರೊಂದನ್ನು ಎತ್ತಿ ಹೊಳೆನೀರಿನಲ್ಲಿ ತೊಳೆದೆ. ಬೆನ್ನಿನ ಮೇಲೆ ರೋಮನ್ ಲಿಪಿಯ ಉಬ್ಬಚ್ಚಿನಲ್ಲಿ ಊರಿನ ಹೆಸರಿನ ಕೊನೆಯ ನಾಲ್ಕು ಅಕ್ಷರಗಳು ಉಳಿದಿದ್ದವು, ಅಂಚಿನಲ್ಲಿ ಪಕ್ಕದ ಹಂಚು ಬಂದು ಕೂರುವ ತೋಡು. ಮಂಗಳೂರು ಹಂಚಿನ ಜಾಣ್ಮೆಯೆಲ್ಲ ಇರುವುದು ಆ ತೋಡಿನಲ್ಲೇ. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂತು, ಗಾರೆ ಮೊಳೆಗಳಿಲ್ಲದೆ, ನಾಲ್ಕು ತಿಂಗಳ ಗಾಳಿಮಳೆಯನ್ನು ತಡೆಯುತ್ತದೆ. ಈ ದಡದ ಮೊದಲ ಇಂಟರ್‌ಲಾಕ್ ಅದು. ಅದನ್ನು ನೆಲಕ್ಕೆ ಹಾಸಿರಲಿಲ್ಲ, ಅಷ್ಟೇ. ಚೂರಿನ ಒಂದು ಮೂಲೆಯಲ್ಲಿ, ಸುಡುವ ಮೊದಲು ಯಾರೋ ಹಸಿ ಮಣ್ಣನ್ನು ಒತ್ತಿ ಹಿಡಿದ ಬೆರಳಿನ ಗುರುತಿತ್ತು. ನನ್ನ ಹೆಬ್ಬೆರಳನ್ನು ಅದರಲ್ಲಿ ಇಟ್ಟು ನೋಡಿದೆ, ಕೂರಲಿಲ್ಲ, ಸಣ್ಣ ಕೈ. ಅಜ್ಜಿಯದ್ದೇ ಎಂದುಕೊಳ್ಳುವಷ್ಟು ಭಾವುಕ ನಾನಲ್ಲ, ಆದರೂ ಚೂರನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮುಂದೆ ತಂಗಿಯ ಮಗನ ಎಚ್ಚರಿಕೆ ನಿಜವಾಯಿತು. ದಾರಿ ಒಂದು ಕಾಂಪೌಂಡ್ ಗೋಡೆಗೆ ಹೋಗಿ ಮುಗಿಯಿತು. ಹಿಂದಕ್ಕೆ ಹೋಗಿ ರಸ್ತೆ ಹಿಡಿದಿದ್ದರೆ ಐದು ನಿಮಿಷದ ಸುತ್ತು, ಆದರೆ ಗೋಡೆಯ ಆಚೆ ಮತ್ತೆ ದಾರಿ ಕಾಣುತ್ತಿತ್ತು, ನಡುವೆ ನೀರಿಳಿದ ದಡ ಒಣಗಿದಂತೆ ತೋರುತ್ತಿತ್ತು. ಹತ್ತು ಹೆಜ್ಜೆಗೆ ಸೈಕಲಿನ ಮುಂದಿನ ಗಾಲಿ ಹೂತಿತು, ಹನ್ನೆರಡನೆಯದಕ್ಕೆ ನನ್ನ ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ಸ್ವಲ್ಪ ದೂರದಲ್ಲಿ ನಾಲ್ಕೈದು ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಕಾಲಿನ ಬೆರಳಿನಿಂದ ಮರಳನ್ನು ತಡಕಿ, ಚಿಪ್ಪು ತಾಗಿದೊಡನೆ ಮುಳುಗಿ ಎತ್ತಿ, ಪಕ್ಕದಲ್ಲಿ ತೇಲುತ್ತಿದ್ದ ಅಲ್ಯೂಮಿನಿಯಂ ಪಾತ್ರೆಗೆ ಹಾಕುವ ಕೆಲಸ ಅದು. ಪಾತ್ರೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅವರಲ್ಲೊಬ್ಬರು ನನ್ನನ್ನು ಕಂಡು, “ಈರ್ ಓಡೆಗ್ ಪೋಪಿನಿ?” ಎಂದು, ನೀವು ಎಲ್ಲಿಗೆ ಹೋಗುವುದೆಂದು ತುಳುವಿನಲ್ಲಿ ಕೇಳಿದರು. ಆಚೆಯ ದಾರಿಯನ್ನು ತೋರಿಸಿದೆ. ಅವರು ದಡಕ್ಕೆ ಬಂದು ಸೈಕಲಿನ ಹಿಂದಿನ ಭಾಗವನ್ನು ಹಿಡಿದೆತ್ತಿ, ಗಟ್ಟಿ ಮರಳಿರುವ ಕಡೆಯಿಂದ ನನ್ನನ್ನು ದಾಟಿಸಿದರು. “ಇದು ದಾರಿ ಅಲ್ಲ ಅಣ್ಣಾ, ನೀರಿನ ಜಾಗ. ಎರಡು ಗಂಟೆ ಕಳೆದು ಬಂದಿದ್ರೆ ನಿಮ್ಮ ಸೈಕಲ್ ತೇಲ್ತಿತ್ತು” ಎಂದು ನಗುತ್ತ ಮತ್ತೆ ನೀರಿಗಿಳಿದರು. ಮರಳುವಾಗ ಮರುವಾಯಿ ಬೇಕು, ತೆಗೆದಿಡಿ ಅಕ್ಕ ಎಂದೆ. ಇದ್ದರೆ ಇದ್ದೀತು ಎಂದರು.

ನೀರಿನ ಜಾಗ ಎಂಬ ಅವರ ಮಾತು ದಾರಿಯುದ್ದಕ್ಕೂ ಜೊತೆಗಿತ್ತು, ಏಕೆಂದರೆ ಕಾನೂನೂ ಹೇಳುವುದು ಹೆಚ್ಚುಕಡಿಮೆ ಅದನ್ನೇ. ಕರಾವಳಿ ನಿಯಂತ್ರಣ ವಲಯದ ನಿಯಮ ಕಡಲ ತೀರಕ್ಕೆ ಮಾತ್ರ ನಿಲ್ಲದೆ ನದಿಯ ಒಳಗೂ ಬರುತ್ತದೆ. ಎಲ್ಲಿಯವರೆಗೆ ಎಂಬುದನ್ನು ಅಳೆಯುವುದು ಉಪ್ಪಿನಿಂದ. ವರ್ಷದ ಅತಿ ಒಣ ದಿನಗಳಲ್ಲಿ ಸಾವಿರ ಪಾಲು ನೀರಿಗೆ 5 ಪಾಲು ಉಪ್ಪು ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಯವರೆಗೆ ಆ ನದಿ ಕಡಲಿನ ಲೆಕ್ಕಕ್ಕೆ ಸೇರುತ್ತದೆ. ಮಳೆ ನಿಂತು ಕುದುರೆಮುಖದ ಕಡೆಯಿಂದ ಬರುವ ನೀರೂ, ಉಪ್ಪಿನಂಗಡಿಯಲ್ಲಿ ಕೂಡುವ ಕುಮಾರಧಾರೆಯ ನೀರೂ ಸೊರಗಿದ ಮೇಲೆ, ಊರಿಗೆ ಕುಡಿಯಲೆಂದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಹಲಗೆ ಇಳಿಸಿ ಉಳಿದದ್ದನ್ನು ಹಿಡಿದಿಡುತ್ತಾರೆ; ಕೆಳಗಿನ ಖಾಲಿ ಪಾತ್ರದೊಳಗೆ ಕಡಲು ತನ್ನಷ್ಟಕ್ಕೆ ಏರಿ ಬರುತ್ತದೆ. 2019ರ ಬೇಸಿಗೆಯಲ್ಲಿ ತುಂಬೆಯ ನೀರೂ ತಳ ಕಂಡು ಮಂಗಳೂರಿನಲ್ಲಿ ಸರದಿಯ ಮೇಲೆ ನಲ್ಲಿ ನಿಂತಾಗ, ಕೊಡ ಹಿಡಿದು ನಿಂತ ನಮಗೆ ನಾಲ್ಕು ಮೈಲಿ ದೂರದಲ್ಲಿ ಇಂಥದ್ದೊಂದು ನದಿ ಇದೆಯೆಂಬುದು ಹೊಸದಾಗಿ ಹೊಳೆದಿತ್ತು. ಮಳೆಗಾಲದಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. 1923ರ ಪ್ರವಾಹವನ್ನು ನಮ್ಮ ಕಡೆ ‘ಮಾರಿಬೊಳ್ಳ’ ಎಂದೇ ಕರೆಯುತ್ತಾರೆ. ಅಜ್ಜಿ ಯಾವುದೇ ಸಂಗತಿಯ ಕಾಲ ಹೇಳಬೇಕಾದರೂ ಬೊಳ್ಳಕ್ಕೆ ಮೊದಲು, ಬೊಳ್ಳ ಕಳೆದ ಮೇಲೆ ಎನ್ನುತ್ತಿದ್ದಳು, ಇಸವಿ ಹೇಳಿದ್ದನ್ನು ನಾನು ಕೇಳಿಲ್ಲ.

ಬೋಳಾರದಲ್ಲಿ ಮಂಗಳಾದೇವಿಗೆ ಹೊರಗಿನಿಂದಲೇ ಕೈಮುಗಿದೆ, ಕೆಸರು ಕಾಲಿನಲ್ಲಿ ಒಳಗೆ ಹೋಗುವುದು ಸರಿಯಲ್ಲ. ಊರಿಗೆ ಹೆಸರು ಕೊಟ್ಟ ದೇವಿ ಇರುವುದೂ ಗುಡ್ಡದ ಮೇಲಲ್ಲ, ನದಿಗೆ ಹತ್ತಿರದ ಈ ಕೇರಿಯಲ್ಲಿ. ಹೊಯಿಗೆ ಬಜಾರಿನ ಅಂಚಿಗೆ ಬಂದರೆ ನೀರು ಒಮ್ಮೆಲೇ ಅಗಲವಾಗುತ್ತದೆ. ಎಡಕ್ಕೆ ಉಳ್ಳಾಲದ ತೆಂಗಿನ ಸಾಲು, ಬಲಕ್ಕೆ ಬೆಂಗ್ರೆ, ನಡುವೆ ಅಳಿವೆ ಬಾಗಿಲು, ಅದರಾಚೆ ಬಿಳಿ ನೊರೆಯ ಗೆರೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ಮಂಜರೂರ್ ಎಂದು ಕರೆದು, ಮಲಬಾರಿನ ಅತಿ ದೊಡ್ಡ ಅಳಿವೆಯ ದಡದಲ್ಲಿರುವ ಊರೆಂದು ಬರೆದ. ನೀರಿನ ಮೇಲಿನಿಂದ ಬಂದವನಿಗೆ ಮೊದಲು ಕಂಡದ್ದು ಅಳಿವೆ, ಆಮೇಲೆ ಊರು. ವಿಮಾನದಲ್ಲಿ ಬಜಪೆಯ ಗುಡ್ಡದ ಮೇಲಿಳಿಯುವ ಇಂದಿನವರಿಗೆ ಆ ಕ್ರಮ ತಲೆಕೆಳಗಾಗಿದೆ.

ಇಲ್ಲಿಂದ ಮುಂದೆ ಹಳೆ ಬಂದರು ಮತ್ತು ಮೀನು ದೋಣಿಗಳು ನಿಲ್ಲುವ ದಕ್ಕೆ. ಈ ಭಾಗದಲ್ಲಿ ವಿಹಾರದ ದಾರಿ ಎಂಬುದಿಲ್ಲ, ಇರಲೂಬಾರದು ಎಂಬುದು ನನ್ನ ಅಭಿಪ್ರಾಯ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಬಂದರಾದ ಮೇಲೆ ಹಡಗುಗಳೆಲ್ಲ ಅಲ್ಲಿಗೆ ಹೋದವು. ಆದರೆ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕಿನ ದೋಣಿಗಳಿಗೆ ಈರುಳ್ಳಿ, ಅಕ್ಕಿ, ಜಲ್ಲಿ, ಸಿಮೆಂಟು ಇವತ್ತಿಗೂ ತಲೆಯ ಮೇಲೆ, ಹೆಗಲ ಮೇಲೆ ಹತ್ತುತ್ತವೆ. ದಕ್ಕೆಯಲ್ಲಂತೂ ಬೆಳಗಿನ ಹೊತ್ತು ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗರಗರ, ಬೂತಾಯಿ ಬಂಗುಡೆಗಳ ಬುಟ್ಟಿಗಳು, ಏಲಂ ಕೂಗು, ಓಡಾಡುವ ಕೈಗಾಡಿಗಳು. ಸೈಕಲನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದ ನನ್ನನ್ನು ಮೂರು ಮಂದಿ ಬೈದರು, ಮೂವರೂ ನ್ಯಾಯವಾಗಿಯೇ ಬೈದರು. ಯಂತ್ರದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಈ ಜಾಗ ಉಸಿರು ಬಿಡುತ್ತದೆ, ಆಗ ದೋಣಿಗಳು ಒಂದಕ್ಕೊಂದು ಒರಗಿ ನಿಂತು ನದಿಯ ಅಗಲವೇ ಕಡಿಮೆಯಾದಂತೆ ಕಾಣುತ್ತದೆ. ನದಿತೀರವೆಂದರೆ ಬೆಂಚು, ದೀಪದ ಕಂಬ, ಸೆಲ್ಫಿಗೆ ಊರಿನ ಹೆಸರಿನ ದೊಡ್ಡಕ್ಷರಗಳು ಎಂದುಕೊಂಡವರು ಒಮ್ಮೆ ಈ ಬೈಗುಳ ತಿಂದು ಬರಬೇಕು. ಸೈಕಲಿನ ದಾರಿ ಇಲ್ಲಿ ಸುಮ್ಮನೆ ರಸ್ತೆಗೆ ಸರಿದು, ಕೆಲಸ ಮಾಡುವವರಿಗೆ ನೀರಿನ ಅಂಚನ್ನು ಬಿಟ್ಟುಕೊಟ್ಟು, ಬೋಳೂರಿನಲ್ಲಿ ಮತ್ತೆ ನದಿಗೆ ಬಂದರೆ ಸಾಕು.

ನಾನೂ ಹಾಗೆಯೇ ಮಾಡಿದೆ. ಕುದ್ರೋಳಿಯ ಗಲ್ಲಿಗಳನ್ನು ದಾಟಿ ಬೋಳೂರಿಗೆ ಬಂದಾಗ ಗುರುಪುರ ನದಿ ಎಡಕ್ಕೆ ಮತ್ತೆ ಕಾಣಿಸಿತು. ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ್ದು ಯುದ್ಧದ ಹಡಗುಗಳು ನದಿಯೊಳಗೆ ನುಗ್ಗದಿರಲಿ ಎಂದು. ಈಗ ಅದು ಕಾವಲಿನ ಕೋಟೆ ಎನ್ನುವುದಕ್ಕಿಂತ ದೋಣಿಗೆ ಕಾಯುವವರ ಹಿನ್ನೆಲೆ. ಗೋಡೆಯಲ್ಲಿ ಫಿರಂಗಿಗೆಂದು ಬಿಟ್ಟ ಕಿಂಡಿಯೊಂದರಲ್ಲಿ ಕಣ್ಣಿಟ್ಟು ನೋಡಿದರೆ ನದಿಯ ಒಂದು ತುಂಡು ಮಾತ್ರ ಕಾಣುತ್ತದೆ, ಆ ತುಂಡಿನಲ್ಲಿ ತಣ್ಣೀರುಬಾವಿಯಿಂದ ಬರುವ ದೋಣಿ ಪ್ರವೇಶಿಸಿ, ನಿಧಾನವಾಗಿ ದಾಟಿ, ಹೊರಗೆ ಹೋಯಿತು. ಈ ದೋಣಿಗಳು ಇರುವುದರಿಂದಲೇ ಇಲ್ಲಿಯವರು ನದಿಗೆ ಪೂರ್ತಿ ಬೆನ್ನು ಹಾಕಿಲ್ಲ. ಸೈಕಲನ್ನೂ ಹತ್ತಿಸಿಕೊಂಡು ಆಚೆ ಹೋದೆ. ಕಡಲ ಬದಿಯಲ್ಲಿ ಒಂದು ಎಳನೀರು ಕುಡಿದು ಅದೇ ದೋಣಿಯಲ್ಲಿ ಮರಳುವಷ್ಟರಲ್ಲಿ ಗಾಳಿ ತಿರುಗಿತ್ತು. ದೋಣಿಯ ತುದಿಗೆ ಕಟ್ಟಿದ್ದ ಬಣ್ಣದ ಬಟ್ಟೆ ಪೂರ್ವಕ್ಕೆ ಹಾರುತ್ತಿತ್ತು.

ಬರುವಾಗಿನ ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಾಳಿ ಬೆನ್ನಿಗಿತ್ತು, ಬಿಸಿಲು ತಲೆಗಿತ್ತು. ಬೆಳಿಗ್ಗೆ ನಾನು ಹೂತುಹೋಗಿದ್ದ ಜಾಗದಲ್ಲಿ ಎದೆಮಟ್ಟದ ನೀರು ನಿಂತು, ಗೋಡೆಯ ಬುಡಕ್ಕೆ ತಟತಟ ಬಡಿಯುತ್ತಿತ್ತು. ಕಾಂಡ್ಲಾದ ಉಸಿರುಬೇರುಗಳು ಒಂದೂ ಕಾಣಲಿಲ್ಲ. ತೆಂಗಿನ ಬುಡದ ನೆರಳಿನಲ್ಲಿ ಆ ಅಕ್ಕ ಗೋಣಿಯ ಮೇಲೆ ಮರುವಾಯಿ ರಾಶಿ ಹಾಕಿಕೊಂಡು ಕುಳಿತಿದ್ದರು. ನೂರರ ಲೆಕ್ಕದಲ್ಲಿ ಎಣಿಸಿ ಕೊಟ್ಟರು, ಎಣಿಸಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿದರು. “ಸೈಕಲ್ ಎತ್ತಿದ ಕೂಲಿ ಹಿಡಿದುಕೊಳ್ಳಿ ಅಕ್ಕ” ಎಂದು ನೋಟು ಮುಂದೆ ಮಾಡಿದರೆ, “ಅದಕ್ಕೆಂತ ಕೂಲಿ ಮಾರಾಯ್ರೆ” ಎಂದು ಚಿಲ್ಲರೆಯನ್ನು ಲೆಕ್ಕ ಮಾಡಿ ವಾಪಸು ಕೊಟ್ಟರು.

ಮನೆಯಲ್ಲಿ ಹೆಂಡತಿ ಸೈಕಲನ್ನೂ ನನ್ನನ್ನೂ ಅಂಗಳದಲ್ಲೇ ತೊಳೆಸಿದಳು. ಮರುವಾಯಿಯನ್ನು ಅಜ್ಜಿ ಮಾಡುತ್ತಿದ್ದ ಹಾಗೆ ಉಪ್ಪು ಹಾಕಿದ ನೀರಿನಲ್ಲಿ ರಾತ್ರಿಯಿಡೀ ಬಿಟ್ಟೆವು. ಹಾಗೆ ಬಿಟ್ಟರೆ ಅವು ಬಾಯಿ ತೆರೆದು ಒಳಗಿನ ಮರಳನ್ನು ಉಗುಳುತ್ತವೆ. ಅಡುಗೆಮನೆಯ ಕತ್ತಲಿನಲ್ಲಿ ಆಗಾಗ ಪಿಸ್ ಎಂಬ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಅವನ್ನು ಮೆಟ್ಟುಕತ್ತಿಯಲ್ಲಿ ಬಿಡಿಸಲೆಂದು ಬೇರೆ ಪಾತ್ರೆಗೆ ತೆಗೆದಾಗ, ತಳದಲ್ಲಿ ಒಂದು ಚಮಚದಷ್ಟು ನುಣ್ಣನೆಯ ಕಪ್ಪು ಹೊಯಿಗೆ ಉಳಿದಿತ್ತು. ನೀರು ಬಸಿದು ಅದನ್ನು ಹಂಚಿನ ಚೂರಿನ ಮೇಲೆ ಸುರಿದು ಕಿಟಕಿಯಲ್ಲಿ ಒಣಗಲು ಇಟ್ಟೆ.